ಮೇ ತಿಂಗಳ ಸೆಕೆಗೆ ಮದುವೆ ಕೇಕ್ ಮೇಲೆ ನಿಜವಾದ ಹೂವು ನಿಲ್ತದಾ? ಮಂಗಳೂರು, ಓಪನ್ ಲಾನ್ ರಿಸೆಪ್ಷನ್

ತಂಗಿ_ಕುಡ್ಲ

ನಮಸ್ಕಾರ ಎಲ್ರಿಗೂ. ಅಕ್ಕನ ಮದುವೆ ಮೇ ಎರಡನೇ ವಾರಕ್ಕೆ ಫಿಕ್ಸ್ ಆಗಿದೆ. ಬೆಳಿಗ್ಗೆ ಇಗರ್ಜಿಯಲ್ಲಿ ಬಲಿಪೂಜೆ, ಸಂಜೆ 7 ಗಂಟೆಗೆ ರಿಸೆಪ್ಷನ್, ಹಾಲ್ ಅಲ್ಲ, ಊರ ಹೊರಗೆ ಒಂದು ಓಪನ್ ಲಾನ್. ಮದುಮಕ್ಳು ಎಂಟ್ರಿ ಆದ ಕೂಡ್ಲೇ ಕೇಕ್ ಕಟಿಂಗ್, ಆಮೇಲೆ ಟೋಸ್ಟ್ (ಗ್ಲಾಸ್ ಎತ್ತಿ ಶುಭ ಹಾರೈಸುದು), ನಮ್ಮ ಕಡೆ ಎಲ್ಲಾ ಕಡೆ ಹೇಗೆ ಆಗ್ತದೋ ಹಾಗೇ. ಕೇಕ್ ಮೂರು ಟೈರ್ (ಅಂತಸ್ತು), ಬಿಳಿ ಬಣ್ಣ. ಬಟರ್‌ಕ್ರೀಮ್ (ಬೆಣ್ಣೆ ಸಕ್ಕರೆಯ ಕ್ರೀಮ್) ಮಾಡ್ಬೇಕಾ ಫಾಂಡೆಂಟ್ (ಲಟ್ಟಿಸಿ ಹೊದಿಸುವ ಸಕ್ಕರೆ ಹಿಟ್ಟು) ಮಾಡ್ಬೇಕಾ ಇನ್ನೂ ಡಿಸೈಡ್ ಆಗ್ಲಿಲ್ಲ.

ಅಕ್ಕನಿಗೆ ಕೇಕ್ ಮೇಲೂ ಟೇಬಲ್ ಮೇಲೂ ನಿಜವಾದ ಹೂವೇ ಬೇಕು, ಪ್ಲಾಸ್ಟಿಕ್ ಬೇಡ್ವೇ ಬೇಡ ಅಂತ ಹಟ. ಡೆಕೊರೇಟರ್ ಕಳ್ಸಿದ ಫೋಟೊದಲ್ಲಿ ನೀಲಿ ಹೈಡ್ರೇಂಜ, ಬೇಬೀಸ್ ಬ್ರೆತ್, ನಡುನಡುವೆ ಯೂಕಲಿಪ್ಟಸ್ ಎಲೆ ಉಂಟು, ನೋಡ್ಲಿಕ್ಕೆ ಚಂದವೇ. ಅಮ್ಮ ಅದನ್ನ ನೋಡಿ ಇದ್ರಲ್ಲಿ ಮಲ್ಲಿಗೆ ಎಲ್ಲಿ ಉಂಟು, ಮಲ್ಲಿಗೆ ಇಲ್ಲದೆ ನಮ್ಮಲ್ಲಿ ಮದುವೆ ಆಗಿದ್ದುಂಟಾ ಅಂತ ಕೇಳಿದ್ರು. ಹಾಗಾಗಿ ಮಲ್ಲಿಗೆಯೂ ಸೇರ್ಬೇಕು.

ಇದಕ್ಕಿಂತ ದೊಡ್ಡ ತಲೆಬಿಸಿ ಬೇರೆ ಉಂಟು. ಕೇಕ್ ಮಾಡುವವರು ಹೂವು ನಾವು ಇಡುದಿಲ್ಲ ಡೆಕೊರೇಟರ್ ಇಡ್ಲಿ ಅಂತಾರೆ, ಡೆಕೊರೇಟರ್ ಕೇಳಿದ್ರೆ ಕೇಕ್ ನಾವು ಮುಟ್ಟುದಿಲ್ಲ ಏನಾದ್ರೂ ಆದ್ರೆ ನಮ್ಮ ತಲೆಗೆ ಬರ್ತದೆ ಅಂತಾರೆ. ಕೊನೆಗೆ ಅದು ನನ್ನ ಮತ್ತೆ ಕಸಿನ್‌ಗಳ ಕೈಗೇ ಬರುವ ಹಾಗೆ ಕಾಣ್ತದೆ. ಯಾವ ಹೂವು ಕೇಕ್‌ಗೆ ತಾಗಿದ್ರೆ ತೊಂದ್ರೆ ಇಲ್ಲ, ಎಷ್ಟು ಹೊತ್ತಿಗೆ ಇಡ್ಬೇಕು, ಸೆಕೆಗೆ ಬಾಡದ ಹಾಗೆ ಎಂತ ಮಾಡುದು, ಟೇಬಲ್ ಹೇಗೆ ಸೆಟ್ ಮಾಡುದು, ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ ಪ್ಲೀಸ್.

ಓವನ್_ಅಕ್ಕ

ನಾನು ಉಡುಪಿಯಲ್ಲಿ ಮನೆಯಿಂದಲೇ ಕೇಕ್ ಮಾಡ್ತೇನೆ, ಮದುವೆ ಕೇಕ್ ಜಾಸ್ತಿ. ಮೊದಲು ಆ ಫೋಟೊದ ವಿಷಯ ಹೇಳಿ ಬಿಡ್ತೇನೆ, ಯಾಕಂದ್ರೆ ಅದು ನೋಡಿ ಸುಮ್ನೆ ಕೂರ್ಲಿಕ್ಕೆ ಆಗ್ಲಿಲ್ಲ. ಹೈಡ್ರೇಂಜ ಕೇಕ್ ಮೇಲೆ ಬೇಡ. ಅದು ವಿಷದ ಗಿಡ, ಹೊಟ್ಟೆಗೆ ಹೋದ್ರೆ ವಾಂತಿ ಹೊಟ್ಟೆನೋವು ಬರ್ತದೆ. ಅದು ಊಟಿ, ಮಡಿಕೇರಿ ಅಂಥ ತಂಪು ಜಾಗದ ಹೂವು, ನೀರು ತಪ್ಪಿದ ಸ್ವಲ್ಪ ಹೊತ್ತಿಗೇ ತಲೆ ಬಗ್ಗಿಸ್ತದೆ, ನಮ್ಮ ಮೇ ತಿಂಗಳ ಲಾನ್‌ನಲ್ಲಿ ಅದ್ರ ಗತಿ ಎಂತ ಆದೀತು ನೀವೇ ಯೋಚ್ನೆ ಮಾಡಿ. ಬೇಬೀಸ್ ಬ್ರೆತ್ ನೋಡ್ಲಿಕ್ಕೆ ಪಾಪದ್ದು, ಆದ್ರೆ ಅದೂ ತಿನ್ನುವ ಹೂವಲ್ಲ, ಹೊಟ್ಟೆ ಕೆಡಿಸ್ತದೆ, ಮೇಲಿಂದ ಆ ಚಿಕ್ಕ ಚಿಕ್ಕ ಹೂವು ಉದುರಿ ಕ್ರೀಮ್‌ನಲ್ಲಿ ಸೇರಿದ್ರೆ ಹೆಕ್ಕಿ ತೆಗಿಲಿಕ್ಕೂ ಆಗುದಿಲ್ಲ, ಬಿಳಿ ಕೇಕಲ್ಲಿ ಬಿಳಿ ಹೂವು ಕಾಣುದೂ ಇಲ್ಲ. ಯೂಕಲಿಪ್ಟಸ್ ಎಲೆ ಟೇಬಲ್ ಮೇಲೆ ಇರ್ಲಿ, ಕೇಕ್‌ಗೆ ಚುಚ್ಚುದು ಬೇಡ.

ಇದಕ್ಕಿಂತಲೂ ನನಗೆ ಹೆದ್ರಿಕೆ ಕೊನೆ ಗಳಿಗೆಯಲ್ಲಿ ಹಿತ್ತಿಲಿಂದ ಕೊಯ್ದು ತರುವ ಹೂವಿನದ್ದು. ಒಂದು ಕಡೆ ಖಾಲಿ ಕಾಣ್ತದೆ ಅಂತ ಯಾರೋ ಓಡಿ ಹೋಗಿ ನಂದಿಬಟ್ಟಲು ತರ್ತಾರೆ, ಬಿಳಿ ಇದೆ, ಮಲ್ಲಿಗೆ ಜೊತೆ ಚಂದ ಕಾಣ್ತದೆ ಅಂತ. ಇನ್ನೊಬ್ರು ಕಣಗಿಲೆ ತರ್ತಾರೆ. ಕಣಗಿಲೆ ಅಂದ್ರೆ ಬೇರಿಂದ ಹೂವಿನ ತನಕ ಪೂರ್ತಿ ವಿಷ, ನೇರ ಹೃದಯಕ್ಕೇ ಹೊಡೀತದೆ, ಅದನ್ನ ಕೇಕ್ ಇರುವ ಟೇಬಲ್‌ಗೇ ತರ್ಬೇಡಿ. ದೇವಕಣಗಿಲೆ, ಅಲಮಂಡ ಕೂಡ ಬೇಡ. ಮುರಿದ್ರೆ ಬಿಳಿ ಹಾಲು ಬರುವ ಗಿಡದ ಹೂವು ಯಾವುದೂ ಕೇಕ್‌ಗೆ ಬೇಡ ಅಂತ ಕಸಿನ್‌ಗಳಿಗೆಲ್ಲ ಮೊದಲೇ ಹೇಳಿಡಿ, ಇದೊಂದು ನೆನಪಿದ್ರೆ ಅರ್ಧ ಅಪಾಯ ತಪ್ತದೆ. ಫ್ಲೋರಿಸ್ಟ್ ಹತ್ರ ಕೆಂಪು ಹಳದಿ ಜ್ವಾಲೆ ಹಾಗಿನ ಗ್ಲೋರಿಯೋಸ ಸಿಗ್ತದಲ್ಲ, ನಮ್ಮ ಅಗ್ನಿಶಿಖೆ, ಅದೂ ಭಯಂಕರ ವಿಷ. ಎಲೆಯಲ್ಲಿ ಮನಿಪ್ಲಾಂಟ್, ಕೆಸುವಿನ ಜಾತಿಯ ಬಣ್ಣದ ಎಲೆ, ಆಂಥೂರಿಯಂ, ಇದೆಲ್ಲ ಬಾಯಿ ಗಂಟ್ಲು ತುರಿಸುವ ಜಾತಿ, ಡೆಕೊರೇಟರ್‌ಗಳು ಕೇಳದೆ ತುರುಕ್ತಾರೆ, ಅದ್ರ ಮೇಲೆ ಒಂದು ಕಣ್ಣಿರ್ಲಿ.

ಹಾಗಾದ್ರೆ ಎಂತ ಇಡ್ಬಹುದು? ಗುಲಾಬಿ. ಡೆಂಡ್ರೋಬಿಯಂ ಆರ್ಕಿಡ್. ಕಾರ್ನೇಷನ್, ಜರ್ಬೆರಾ, ಲಿಸಿಯಾಂಥಸ್. ಇವು ತಾಗಿದ್ರೆ ವಿಷ ಅಲ್ಲ. ಆದ್ರೆ ವಿಷ ಅಲ್ಲ ಅಂದ ಮಾತ್ರಕ್ಕೆ ತಿನ್ಬಹುದು ಅಂತ ಅಲ್ಲ, ಯಾಕಂದ್ರೆ ಅಂಗಡಿ ಗುಲಾಬಿಗೆ ಹುಳ ಬರ್ಬಾರ್ದು ಅಂತ ಔಷಧಿ ಹೊಡೆದೇ ಇರ್ತಾರೆ, ತೊಳೆದ್ರೂ ಪೂರ್ತಿ ಹೋಗುದಿಲ್ಲ. ಹಾಗಾಗಿ ಕಡ್ಡಿಯನ್ನ ನೇರ ಕೇಕ್‌ಗೆ ಚುಚ್ಚಲೇಬಾರ್ದು. ಫ್ಲವರ್ ಪಿಕ್ ಅಂತ ಸಿಗ್ತದೆ, ಫುಡ್ ಗ್ರೇಡ್ ಪ್ಲಾಸ್ಟಿಕ್‌ನ ಚೂಪಾದ ಸಣ್ಣ ಕೊಳವೆ, ಕೇಕ್ ಸಾಮಾನಿನ ಅಂಗಡಿಯಲ್ಲಿ ಕೇಳಿ. ಅದನ್ನ ಕೇಕ್‌ಗೆ ಚುಚ್ಚಿ ಅದ್ರೊಳಗೆ ಹೂವಿನ ಕಡ್ಡಿ ಇಳಿಸುದು. ಸಿಗದಿದ್ರೆ ದಪ್ಪ ಬೋಬಾ ಸ್ಟ್ರಾ ತುಂಡು ಮಾಡಿ ಕೆಳಗಿನ ಬಾಯಿಯನ್ನ ಕರಗಿಸಿದ ಬಿಳಿ ಚಾಕಲೇಟ್‌ನಲ್ಲಿ ಮುಚ್ಚಿ, ಗಟ್ಟಿ ಆದ ಮೇಲೆ ಬಳಸಿ. ಹೂವಿನ ತಳ ಕೇಕ್‌ಗೆ ಒರಗುವಲ್ಲಿ ಸಣ್ಣ ಬಟರ್ ಪೇಪರ್ ತುಂಡು ಇಟ್ರೆ ಮೇಲಿಂದ ಯಾರಿಗೂ ಕಾಣುದಿಲ್ಲ. ಎಸಳನ್ನೇ ಕೇಕ್ ಮೇಲೆ ಉದುರಿಸ್ಬೇಕು ಅಂತ ಅಕ್ಕನಿಗೆ ಆಸೆ ಇದ್ರೆ ಔಷಧಿ ಹೊಡೆಯದ ಮನೆ ಗಿಡದ ಪನ್ನೀರ್ ಗುಲಾಬಿ, ಶಂಖಪುಷ್ಪ ಮಾತ್ರ ಬಳಸಿ, ಅದು ತಿಂದ್ರೂ ಪರವಾಗಿಲ್ಲ.

ಇನ್ನು ಬಟರ್‌ಕ್ರೀಮ್. ಬೆಣ್ಣೆ ಕರಗುದೇ 32ರಿಂದ 35 ಡಿಗ್ರಿಯಲ್ಲಿ, ಮೆತ್ತಗಾಗುದು ಅದಕ್ಕಿಂತ ತುಂಬ ಮೊದಲೇ. ಮೇ ತಿಂಗಳ ಸಂಜೆ ಕರಾವಳಿಯಲ್ಲಿ ಲಾನ್ ಮೇಲೆ ಬಟರ್‌ಕ್ರೀಮ್ ಕೇಕ್‌ಗೆ ಹೂವು ಚುಚ್ಚಿದ್ರೆ ಹೂವಿನ ಭಾರಕ್ಕೇ ಪಿಕ್ ವಾಲ್ತದೆ, ಸುತ್ತ ತೂತು ದೊಡ್ಡದಾಗ್ತದೆ. ನಿಮ್ಮಲ್ಲಿಗೆ ಗನಾಶ್ ಮೇಲೆ ಫಾಂಡೆಂಟ್ ಸರಿ, ಗನಾಶ್ ಅಂದ್ರೆ ಚಾಕಲೇಟ್ ಕ್ರೀಮ್ ಸೇರಿಸಿದ್ದು, ಬಿಳಿ ಚಾಕಲೇಟ್ ಮೂರು ಪಾಲು ಕ್ರೀಮ್ ಒಂದು ಪಾಲು, ಸೆಕೆ ಜಾಸ್ತಿ ಇದ್ರೆ ನಾಲ್ಕಕ್ಕೆ ಒಂದು. ಫಾಂಡೆಂಟ್‌ಗೆ ಸೆಕೆಯಿಂದ ಅಷ್ಟು ತೊಂದ್ರೆ ಇಲ್ಲ, ತೇವದಿಂದ ಉಂಟು. ಫ್ರಿಜ್‌ನಿಂದ ತೆಗೆದು ನೇರ ಹೊರಗೆ ತಂದ್ರೆ ಮೈಯೆಲ್ಲ ಬೆವರಿ ಅಂಟಂಟು ಆಗ್ತದೆ. ಬಾಕ್ಸ್ ಮುಚ್ಚಿಯೇ ಇಟ್ಟು ಹೊರಗಿನ ಹವೆಗೆ ಹೊಂದಿಕೊಂಡ ಮೇಲೆ ತೆರೀಬೇಕು, ಆಗ ನೀರು ಬಾಕ್ಸ್ ಮೇಲೆ ಕೂರ್ತದೆ, ಕೇಕ್ ಮೇಲೆ ಅಲ್ಲ.

ಕೊನೆಯದಾಗಿ ಒಂದು ಪ್ರಶ್ನೆ, ಮೂರೂ ಟೈರ್ ನಿಜವಾದ ಕೇಕಾ? ನಮ್ಮಲ್ಲಿ ಹೆಚ್ಚಿನವರು ಒಂದು ಟೈರ್ ಮಾತ್ರ ಕೇಕ್ ಮಾಡಿಸಿ ಉಳಿದದ್ದು ಥರ್ಮೋಕೋಲ್ ಡಮ್ಮಿ ಮಾಡಿಸ್ತಾರೆ, ಹಂಚುವ ಕೇಕ್ ಬೇರೆ ಟ್ರೇಯಲ್ಲಿ ಅಡುಗೆ ಕಡೆ ಇರ್ತದೆ. ನಿಮ್ಮದೂ ಹಾಗೇ ಆದ್ರೆ ಕೆಲಸ ತುಂಬ ಸುಲಭ.

ಶಂಕರಪುರದ_ಸೊಸೆ

ಓವನ್ ಅಕ್ಕ ಹೇಳಿದ್ದು ಎಲ್ಲ ಸರಿ, ನಾನು ಮಲ್ಲಿಗೆ ಬಗ್ಗೆ ಮಾತ್ರ ಹೇಳ್ತೇನೆ. ಗಂಡನ ಮನೆಯಲ್ಲಿ ಮಲ್ಲಿಗೆ ಕೃಷಿ, ದಿನ ಶುರು ಆಗುದೇ ಮೊಗ್ಗು ಕೊಯ್ಯುದರಿಂದ.

ನಿಮ್ಮ ಅಮ್ಮ ಹೇಳಿದ್ದು ನನಗೆ ತುಂಬ ಖುಷಿ ಆಯ್ತು. ಇಲ್ಲಿಯ ಮಲ್ಲಿಗೆಗೆ ಉಡುಪಿ ಮಲ್ಲಿಗೆ ಅಂತ ಜಿಐ ಟ್ಯಾಗ್ (ಊರಿನ ಹೆಸರಿನ ಸರಕಾರಿ ಗುರುತು) ಉಂಟು, ಅಷ್ಟು ಹೆಸರಿರುವ ಹೂವು ಹತ್ರದಲ್ಲೇ ಸಿಗುವಾಗ ನೀಲಿ ಹೈಡ್ರೇಂಜಕ್ಕೆ ಅಷ್ಟು ದುಡ್ಡು ಯಾಕೆ ಕೊಡ್ಬೇಕು ಹೇಳಿ. ನಿಮ್ಮ ಟೈಮಿಂಗ್ ಕೂಡ ಮಲ್ಲಿಗೆಗೆ ಸರಿಯಾಗಿ ಕೂಡಿ ಬಂದಿದೆ. ಬೆಳಿಗ್ಗೆ ಬಿಸಿಲು ಏರುವ ಮೊದಲು ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ತೇವೆ, ಮಧ್ಯಾಹ್ನದ ಮೇಲೆ ಅದು ಇನ್ನೂ ಬಿಗಿ ಮೊಗ್ಗೇ ಇರ್ತದೆ, ಕತ್ತಲಾಗುವಾಗ ಒಂದೊಂದೇ ಬಿರಿಲಿಕ್ಕೆ ಶುರು. 7 ಗಂಟೆಗೆ ಮದುಮಕ್ಳು ಬರುವಾಗ ಹೂವು ಅರ್ಧ ಬಿರಿದು ಪರಿಮಳ ಬಿಡುವ ಹೊತ್ತು. ನಿನ್ನೆಯ ಮಲ್ಲಿಗೆ ಮಾತ್ರ ತರ್ಬೇಡಿ, ಸಂಜೆಗೆ ಕಂದು ಬಣ್ಣ ಬಂದು ಬಿಡ್ತದೆ, ಬಿಳಿ ಕೇಕ್ ಪಕ್ಕ ಅದು ಎದ್ದು ಕಾಣ್ತದೆ.

ಲೆಕ್ಕ ಹೇಳ್ತೇನೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕೇಕ್ ಟೇಬಲ್‌ಗೆ ಮಾತ್ರ ಆದ್ರೆ ಒಂದು ಅಟ್ಟೆ ಧಾರಾಳ ಸಾಕು, ಮದುಮಗಳ ಮುಡಿಗೆ, ಮನೆಯವರಿಗೆ ಬೇಕಾದ್ದು ಬೇರೆ ಲೆಕ್ಕ ಹಾಕಿ. ಮದುವೆ ಸೀಸನ್‌ನಲ್ಲಿ ಅಟ್ಟೆ ರೇಟ್ ಸಾವಿರ ದಾಟುದು ಹೊಸ ವಿಷಯ ಅಲ್ಲ, ದಿನದಿಂದ ದಿನಕ್ಕೆ ಏರಿಳಿತದೆ, ಹಾಗಾಗಿ ಆ ದಿನ ಬೆಳಿಗ್ಗೆ ಹುಡುಕ್ತೇನೆ ಅಂತ ಕೂರ್ಬೇಡಿ, ಹೂವಿನವರಿಗೆ ವಾರ ಮೊದಲೇ ಹೇಳಿ ಅಡ್ವಾನ್ಸ್ ಕೊಟ್ಟಿಡಿ. ಮಂಗಳೂರಲ್ಲಿ ರಥಬೀದಿಯಲ್ಲಿ ಸಾಲು ಹೂವಿನ ಅಂಗಡಿ ಉಂಟಲ್ಲ, ಅಲ್ಲಿ ಮಾತಾಡಿದ್ರೂ ಆಗ್ತದೆ. ನಮ್ಮ ಶಂಕರಪುರದ್ದೇ, ಅಂದ್ರೆ ಉಡುಪಿ ಮಲ್ಲಿಗೆಯೇ ಬೇಕು ಅಂತ ಬಾಯಿಬಿಟ್ಟು ಹೇಳಿ, ಭಟ್ಕಳ ಮಲ್ಲಿಗೆಯೂ ಮಾರ್ಕೆಟ್‌ಗೆ ಬರ್ತದೆ.

ಈಗ ಮುಖ್ಯ ವಿಷಯ, ಮಲ್ಲಿಗೆ ಮಾಲೆಯನ್ನ ಕೇಕ್ ಮೈಗೆ ಸುತ್ತಬೇಡಿ. ಮಲ್ಲಿಗೆ ವಿಷ ಅಲ್ಲ, ಆದ್ರೆ ಮೊಗ್ಗು ಕೊರೆಯುವ ಹುಳಕ್ಕೆ ಔಷಧಿ ಹೊಡೆಯುವವರು ಇದ್ದಾರೆ, ನಾರು ಒದ್ದೆ ಇರ್ತದೆ, ಎಷ್ಟೋ ಕೈ ದಾಟಿ ಬಂದಿರ್ತದೆ. ಫಾಂಡೆಂಟ್‌ಗೆ ಆ ಒದ್ದೆ ನಾರು ತಾಗಿದಲ್ಲೆಲ್ಲ ಗೆರೆ ಗೆರೆ ಕರಗ್ತದೆ. ಕೇಕ್ ಸ್ಟ್ಯಾಂಡ್‌ನ ಕಾಲಿಗೆ ಸುತ್ತಿ, ಕೇಕ್ ಬೋರ್ಡ್ ಸುತ್ತ ಒಂದು ಬೆರಳು ಅಂತರ ಬಿಟ್ಟು ಎರಡು ಸುತ್ತು ಹಾಕಿ, ಟೇಬಲ್ ಅಂಚಿನಿಂದ ಮುಂದೆ ಅರ್ಧ ಚಂದ್ರದ ಹಾಗೆ ಇಳಿಬಿಡಿ. ಅಷ್ಟಕ್ಕೇ ನಿಲ್ಲಿಸಿ. ಮಲ್ಲಿಗೆ ಪರಿಮಳ ಜೋರು, ಕೇಕ್ ಬುಡಕ್ಕೇ ರಾಶಿ ಹಾಕಿದ್ರೆ ವೆನಿಲ್ಲಾ ಯಾವುದು ಮಲ್ಲಿಗೆ ಯಾವುದು ಗೊತ್ತಾಗುದಿಲ್ಲ.

ಇಡುದು ಹೇಗೆ ಅಂದ್ರೆ, ಬಂದ ಮಲ್ಲಿಗೆಯನ್ನ ಬಾಳೆ ಎಲೆಯಲ್ಲೇ ಸಡಿಲವಾಗಿ ಸುತ್ತಿ, ಮೇಲೆ ಹಿಂಡಿದ ಒದ್ದೆ ಬಟ್ಟೆ ಹಾಕಿ ತಂಪು ಕೋಣೆಯಲ್ಲಿಡಿ. ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ ಫ್ರಿಜ್‌ನ ಹಿಂದಿನ ಗೋಡೆಗೆ ತಾಗಿಸಿ ಇಟ್ರೆ ಎಸಳು ಕಪ್ಪಾಗ್ತದೆ. ಹೂವಿನ ಮೇಲೆ ನೇರ ನೀರು ಚಿಮುಕಿಸುದೂ ಬೇಡ.

ಇನ್ನೊಂದು ಸಲಹೆ, ಸಿಂಗಾರ (ಅಡಿಕೆ ಮರದ ಹೂಗೊಂಚಲು) ಸಿಕ್ಕಿದ್ರೆ ತನ್ನಿ. ಅಡಿಕೆ ಹಾಳೆ ಒಡೆದು ಹೊರಗೆ ಬಂದ ಹೊಸ ಸಿಂಗಾರದ ಆ ಬೆಣ್ಣೆ ಬಣ್ಣ ಇದೆಯಲ್ಲ, ಬಿಳಿ ಕೇಕ್ ಹಿಂದೆ ಎರಡು ಹಿತ್ತಾಳೆ ಚೊಂಬಿನಲ್ಲಿ ನಿಲ್ಲಿಸಿದ್ರೆ ಇದು ನಮ್ಮ ಊರಿನ ಮದುವೆ ಅಂತ ಯಾರಿಗೂ ಹೇಳ್ಬೇಕು ಅಂತಿಲ್ಲ. ಅದು ಸಣ್ಣ ಸಣ್ಣ ಮೊಗ್ಗು ಉದುರಿಸ್ತದೆ, ಹಾಗಾಗಿ ಕೇಕ್‌ನಿಂದ ಒಂದು ಮೊಳ ಆದ್ರೂ ದೂರ ಇರ್ಲಿ.

ತಂಗಿ_ಕುಡ್ಲ

ಅಬ್ಬ, ಇಷ್ಟೆಲ್ಲ ಉಂಟಾ ಇದ್ರಲ್ಲಿ! ತುಂಬ ಥ್ಯಾಂಕ್ಸ್ ಇಬ್ರಿಗೂ. ಹೈಡ್ರೇಂಜ ಕ್ಯಾನ್ಸಲ್ ಅಂತ ಡೆಕೊರೇಟರ್‌ಗೆ ಈಗಲೇ ಮೆಸೇಜ್ ಹಾಕಿದೆ. ಸಿಂಗಾರದ ವಿಷಯ ಓದಿ ಹೇಳಿದ್ದಕ್ಕೆ ಅಮ್ಮನಿಗೆ ಭಾರೀ ಖುಷಿ. ಕೇಕ್ ಬಗ್ಗೆ ಕೇಳಿದೆ, ಮಧ್ಯದ ಟೈರ್ ನಿಜವಾದ್ದು, ಮೇಲೆ ಕೆಳಗೆ ಡಮ್ಮಿ ಅಂತೆ. ಅದಕ್ಕೆ ಹೂವು ಹೇಗೆ ಇಡ್ಬೇಕು? ಮತ್ತೆ ಟೇಬಲ್, ಬ್ಯಾಕ್‌ಡ್ರಾಪ್, ಲೈಟ್ ಬಗ್ಗೆ ಗೊತ್ತಿದ್ದವರು ಇದ್ದಾರಾ?

ಮಂಟಪ_ಮಾಧುರಿ

ನಾನು ಬೆಂಗಳೂರಲ್ಲಿ ಇವೆಂಟ್ ಸ್ಟೈಲಿಂಗ್ ಮಾಡ್ತೀನಿ. ಕೇಕ್ ಟೇಬಲ್ ಅಂದ್ರೆ ನಂಗೆ ಪ್ರಾಣ, ಅದಕ್ಕೆ ಸ್ವಲ್ಪ ಉದ್ದ ಬರೀತಿದೀನಿ.

ಎಲ್ರೂ ಹೂವು ಎಷ್ಟು ಹಾಕೋದು ಅಂತ ಯೋಚ್ನೆ ಮಾಡ್ತಾರೆ, ಕೇಕ್ ಎಷ್ಟು ಎತ್ತರದಲ್ಲಿ ನಿಲ್ಲತ್ತೆ ಅಂತ ಯಾರೂ ಯೋಚ್ನೆ ಮಾಡಲ್ಲ. ಲಾನ್‌ನಲ್ಲಿ ಹಿಂದೆ ಕೂತವರಿಗೆ ಕೇಕ್ ಕಾಣೋದು ಹೂವಿಂದ ಅಲ್ಲ, ಎತ್ತರದಿಂದ. ಸ್ಟ್ಯಾಂಡ್ ಕನಿಷ್ಠ ಆರು ಇಂಚ್ ಇರ್ಲಿ, ಕೆಳಗಿನ ಟೈರ್‌ಗಿಂತ ಎರಡು ಇಂಚ್ ಅಗಲ ಇರ್ಲಿ, ಗಟ್ಟಿಯಾಗಿರ್ಲಿ. ಟೇಬಲ್ ದೊಡ್ಡದು ಬೇಡ, ಮೂರು ಅಡಿಯ ರೌಂಡ್ ಟೇಬಲ್ ಸಾಕು. ಆರಡಿ ಉದ್ದದ ಬಫೆ ಟೇಬಲ್ ಮೇಲೆ ಮೂರು ಟೈರ್ ಕೇಕ್ ಇಟ್ರೆ ಒಂಟಿಯಾಗಿ ಕಾಣತ್ತೆ, ಆ ಖಾಲಿ ಜಾಗ ತುಂಬ್ಸಕ್ಕೆ ಸಿಕ್ಕಿದ್ದೆಲ್ಲ ಇಡ್ತಾರೆ, ಕೊನೆಗೆ ಕೇಕೇ ಕಳೆದೋಗತ್ತೆ. ಬಟ್ಟೆ ನೆಲ ಮುಟ್ಟೋ ಹಾಗೆ ಇರ್ಲಿ, ಬಿಳಿ ಕೇಕ್‌ಗೆ ಬಿಳಿ ಬಟ್ಟೆ ಬೇಡ, ತಿಳಿ ಹಸಿರೋ ಬಿಸ್ಕೆಟ್ ಕಲರ್ರೋ ಹಾಕಿ ಆಗ ಮಲ್ಲಿಗೆನೂ ಎದ್ದು ಕಾಣತ್ತೆ.

ಹೂವು ಜೋಡ್ಸೋದು: ಟೈರ್ ಟೈರ್‌ಗೂ ಸುತ್ತ ರಿಂಗ್ ಹಾಕೋದು ಬಿಟ್ಬಿಡಿ. ಮೇಲಿನ ಟೈರ್‌ನ ಎಡಗಡೆ ಒಂದು ಗೊಂಚಲು, ಅಲ್ಲಿಂದ ಓರೆಯಾಗಿ ಇಳಿದು ಕೆಳಗಿನ ಟೈರ್‌ನ ಬಲಗಡೆ ಒಂದು ಗೊಂಚಲು, ಮಧ್ಯ ಖಾಲಿ. ನಿಮ್ಮದ್ರಲ್ಲಿ ಮೇಲೆ ಕೆಳಗೆ ಡಮ್ಮಿ, ಮಧ್ಯ ಕೇಕ್ ಅಂದ್ರಲ್ಲ, ಈ ಡಿಸೈನ್‌ಗೆ ಇದಕ್ಕಿಂತ ಒಳ್ಳೇದು ಸಿಗಲ್ಲ, ತಿನ್ನೋ ಟೈರ್ ಕ್ಲೀನಾಗಿ ಉಳ್ಕೊಳತ್ತೆ, ಕತ್ತರಿಸೋ ಜಾಗ ಅಲ್ಲೇ ಸಿಗತ್ತೆ. ಮೇಲಿನ ಗೊಂಚಲು ಮಧ್ಯದ ಟೈರ್ ಮೇಲೆ ಜೋತು ಬೀಳದ ಹಾಗೆ ಮಾತ್ರ ನೋಡ್ಕೊಳ್ಳಿ. ಡಮ್ಮಿಗೆ ಚುಚ್ಚುವಾಗಲೂ ಗುಂಡುಪಿನ್ನು, ಬರೀ ತಂತಿ ಬಳಸ್ಬೇಡಿ, ಸಡಿಲ ಆಗಿ ಕೆಳಗಿನ ಕೇಕ್ ಮೇಲೆ ಬಿದ್ರೆ ಯಾರ ಬಾಯಿಗೆ ಹೋಗತ್ತೋ ಗೊತ್ತಾಗಲ್ಲ. ಪ್ರತಿ ಗೊಂಚಲಲ್ಲೂ ಮೊದಲು ಮೂರು ದೊಡ್ಡ ಹೂವು ಬೇರೆ ಬೇರೆ ಎತ್ತರದಲ್ಲಿ, ಮುಖ ಬೇರೆ ಬೇರೆ ಕಡೆ ತಿರುಗಿಸಿ, ಆಮೇಲೆ ಸಂದಿಯಲ್ಲಿ ಚಿಕ್ಕ ಹೂವು, ಕೊನೆಗೆ ಎಲೆ. ಎಲ್ಲಾ ಹೂವೂ ಕ್ಯಾಮೆರಾ ಕಡೆನೇ ನೋಡ್ತಾ ಕೂತಿದ್ರೆ ಅಂಗಡಿಯ ಬೊಕೆ ಥರ ಆಗೋಗತ್ತೆ.

ಎಲೆಗೆ ನನ್ನ ಫೇವರಿಟ್ ವೀಳ್ಯದೆಲೆ. ತೊಳೆದು ಒರೆಸಿ ಇಟ್ರೆ ಕೇಕ್‌ಗೆ ತಾಗಿದ್ರೂ ಚಿಂತೆ ಇಲ್ಲ, ತಿನ್ನೋ ಎಲೆನೇ, ಹೊಳಪು ಚೆನ್ನಾಗಿರತ್ತೆ, ಸಂಜೆ ಪೂರ್ತಿ ಮುದುರಲ್ಲ.

ದೊಡ್ಡ ಹೂವಿಗೆ ನಿಮ್ಮ ಊರಿನ ಹವೆಯಲ್ಲಿ ನಾನು ಗುಲಾಬಿಗಿಂತ ಡೆಂಡ್ರೋಬಿಯಂಗೆ ವೋಟ್ ಹಾಕ್ತೀನಿ. ಸೋನಿಯಾ ಅಂತ ನೇರಳೆ ಬಿಳಿ ಮಿಕ್ಸ್ ಬರತ್ತಲ್ಲ ಅದು ಎಲ್ಲಾ ಕಡೆ ಸಿಗತ್ತೆ, ಪೂರ್ತಿ ಬಿಳಿನೂ ಸಿಗತ್ತೆ. ಸೆಕೆ, ತೇವ ಎರಡೂ ಅದಕ್ಕೆ ಒಗ್ಗತ್ತೆ, ಕಡ್ಡಿಯಿಂದ ಬಿಡಿಸಿದ ಮೇಲೂ ಗಂಟೆಗಟ್ಲೆ ಹಾಗೇ ಇರತ್ತೆ. ಗುಲಾಬಿ ಬೇಕೇ ಬೇಕು ಅಂದ್ರೆ ಬೆಂಗಳೂರಿಂದ ತರ್ಸಿ. ಇಲ್ಲಿ ಹೆಬ್ಬಾಳದ ಹೂವಿನ ಹರಾಜು ಕೇಂದ್ರಕ್ಕೆ ದೊಡ್ಡಬಳ್ಳಾಪುರ, ಹೊಸೂರು ಕಡೆ ಪಾಲಿಹೌಸ್‌ಗಳಿಂದ ಬರತ್ತೆ, ಕೆ.ಆರ್. ಮಾರ್ಕೆಟ್‌ನಲ್ಲಿ ಬೆಳಗಿನ ಜಾವ ಹೋದ್ರೆ 20 ಕಡ್ಡಿಯ ಕಟ್ಟು ಸಿಗತ್ತೆ. ರಾತ್ರಿ ಬಸ್ಸಲ್ಲಿ ಹಾಕ್ಸಿದ್ರೆ ಬೆಳಿಗ್ಗೆ ಮಂಗಳೂರು. ಬಂದ ತಕ್ಷಣ ಕೆಳಗಿನ ಎಲೆ ತೆಗೆದು, ಕಡ್ಡಿ ತುದಿ ಓರೆಯಾಗಿ ಕತ್ತರಿಸಿ, ಬಕೆಟ್ ನೀರಲ್ಲಿ ಕುತ್ತಿಗೆ ತನಕ ಮುಳುಗ್ಸಿ ಕನಿಷ್ಠ ನಾಲ್ಕೈದು ಗಂಟೆ ಕತ್ತಲೆ ರೂಮಲ್ಲಿಡಿ. ಮಾವಿನಹಣ್ಣು, ಬಾಳೆಗೊನೆ ಇರೋ ರೂಮಲ್ಲಿ ಬೇಡ, ಮದುವೆಮನೆ ಸ್ಟೋರ್ ರೂಮ್‌ನಲ್ಲಿ ಅದೇ ಇರತ್ತೆ, ಹಣ್ಣು ಬಿಡೋ ಗಾಳಿಗೆ ಹೂವು ಬೇಗ ಮುಪ್ಪಾಗತ್ತೆ, ಕಾರ್ನೇಷನ್ ಆರ್ಕಿಡ್‌ಗಂತೂ ಜಾಸ್ತಿನೇ. ಗುಲಾಬಿಯ ಹೊರಗಿನ ಎರಡು ಮೂರು ಎಸಳು ಸ್ವಲ್ಪ ಕಂದಿರತ್ತೆ, ಅದನ್ನ ಮೊದಲೇ ಅಲ್ಲ, ಕೇಕ್‌ಗೆ ಇಡೋ ಮುಂಚೆ ತೆಗೀರಿ, ಒಳಗಿನದಕ್ಕೆ ಅದೇ ಕಾವಲು.

ಟೇಬಲ್ ಮೇಲಿನ ಹೂವಿಗೆ ಡೆಕೊರೇಟರ್ ಹಸಿರು ಫ್ಲೋರಲ್ ಫೋಮ್ ತರ್ತಾರೆ, ಅದು ಪ್ಲಾಸ್ಟಿಕ್, ಪುಡಿ ಉದುರತ್ತೆ, ಕೇಕ್ ಹತ್ರಕ್ಕೂ ಬಿಡ್ಬೇಡಿ. ಸಣ್ಣ ಬಟ್ಟಲಲ್ಲಿ ನೀರು ಹಾಕಿ ಕೋಳಿ ಜಾಲರಿ ಉಂಡೆ ಮಾಡಿ ಇಟ್ರೆ ಹೂವು ನಿಲ್ಲತ್ತೆ, ನೀರೂ ಸಿಗತ್ತೆ. ಟೇಬಲ್‌ನ ಮುಂದಿನ ಭಾಗ ಚಾಕು, ಗ್ಲಾಸ್ ಇಡಕ್ಕೆ ಖಾಲಿ ಬಿಡಿ. ಮದುಮಕ್ಕಳು ಕೇಕ್ ಹಿಂದೆ ನಿಂತ್ಕೊಳ್ತಾರೆ ಅನ್ನೋದು ಮರೀಬೇಡಿ, ಹಿಂದೆ ಎತ್ತರದ ಹೂವಿಟ್ರೆ ಫೋಟೊದಲ್ಲಿ ಅಕ್ಕನ ಮುಖಕ್ಕೇ ಅಡ್ಡ. ಸಿಂಗಾರದ ಚೊಂಬು ಎರಡೂ ಪಕ್ಕಕ್ಕೆ ಇರ್ಲಿ, ಅಥವಾ ನೆಲದ ಮೇಲೆ ಸ್ಟ್ಯಾಂಡ್‌ನಲ್ಲಿ.

ಲೈಟ್ ಬಗ್ಗೆ. ಹ್ಯಾಲೋಜನ್ ಫೋಕಸ್ ಕೇಕ್ ಮೇಲೆ ಬೇಡ, ಬಿಸಿಗೆ ಹೂವೂ ಹೋಗತ್ತೆ ಕ್ರೀಮೂ ಹೋಗತ್ತೆ, ಎಲ್‌ಇಡಿ ವಾರ್ಮ್ ಲೈಟ್ ದೂರದಿಂದ ಬಿಡಿ. ಅದಕ್ಕಿಂತ ಮುಖ್ಯ, ಮೇ ತಿಂಗಳು ಒಂದು ಮಳೆ ಬಿದ್ದಿದ್ರೆ ಸಂಜೆ ಲೈಟ್‌ಗೆ ಈಚಲು ಹುಳ ಮುತ್ಕೊಳತ್ತೆ, ರೆಕ್ಕೆ ಎಲ್ಲಾ ಕೇಕ್ ಮೇಲೆ. ಹಾಗಾಗಿ ಎಂಟ್ರಿ ಆಗೋ ತನಕ ಟೇಬಲ್ ಲೈಟ್ ಆಫ್ ಇರ್ಲಿ, ಕೇಕ್ ಮೇಲೆ ದೊಡ್ಡ ನೆಟ್ ಕವರ್ ಇರ್ಲಿ, ಹೆಸರು ಅನೌನ್ಸ್ ಮಾಡಿದಾಗ ಕವರ್ ತೆಗೆದು ಲೈಟ್ ಹಾಕಿ. ಇರುವೆಗೆ ಟೇಬಲ್‌ನ ಕಾಲುಗಳ ಕೆಳಗೆ ನೀರಿನ ಬಟ್ಟಲು, ಉದ್ದ ಬಟ್ಟೆ ಇರೋದ್ರಿಂದ ಕಾಣಲ್ಲ. ಬಟ್ಟೆ ತುದಿ ಹುಲ್ಲಿಗೆ ತಾಗಿದ್ರೆ ಮಾತ್ರ ಇರುವೆ ಅದನ್ನೇ ಹತ್ಕೊಂಡು ಬರತ್ತೆ, ಕೆಳಗೊಂದು ಮರದ ಹಲಗೆ ಹಾಕ್ಸಿ.

ಇನ್ನೊಂದು ಐಡಿಯಾ, ಮೂರು ಟೈರ್ ಒಂದರ ಮೇಲೊಂದು ಇಡ್ಲೇಬೇಕು ಅಂತೇನಿಲ್ಲ. 2018ರಲ್ಲಿ ಬ್ರಿಟನ್‌ನ ಹ್ಯಾರಿ, ಮೇಗನ್ ಮದುವೆಯಲ್ಲಿ ಕ್ಲೇರ್ ಟಾಕ್ ಮಾಡಿದ ನಿಂಬೆ, ಎಲ್ಡರ್‌ಫ್ಲವರ್ ಕೇಕ್ ಹಾಗೇ ಇತ್ತು, ಬೇರೆ ಬೇರೆ ಎತ್ತರದ ಚಿನ್ನದ ಬಣ್ಣದ ಸ್ಟ್ಯಾಂಡ್ ಮೇಲೆ ಬೇರೆ ಬೇರೆ ಕೇಕ್, ಮೇಲೆ ತಾಜಾ ಪಿಯೋನಿ, ಗುಲಾಬಿ. ಅಲ್ಲಿನ ಮೇ ತಿಂಗಳಿಗೆ ಬಟರ್‌ಕ್ರೀಮ್ ನಡೆಯತ್ತೆ ಅದು ಬೇರೆ ಮಾತು, ಆದ್ರೆ ಬೇರೆ ಬೇರೆ ಇಡೋ ಕ್ರಮ ನಿಮಗೂ ಆಗತ್ತೆ. ಸಾಗ್ಸೋದೂ ಸುಲಭ, ಮಧ್ಯ ಮಧ್ಯ ಮಲ್ಲಿಗೆಗೆ ಜಾಗನೂ ಸಿಗತ್ತೆ.

ಹುಬ್ಬಳ್ಳಿ_ಸಕ್ಕರಿ

ನಮಸ್ಕಾರ್ರಿ. ನಾನು ಸಕ್ಕರಿ ಹೂ ಮಾಡಾಕಿ, ಗಮ್ ಪೇಸ್ಟ್‌ನಾಗ, ಅಂದ್ರ ಒಣಗಿದ್ರ ಗಟ್ಟಿ ಆಗೋ ಸಕ್ಕರಿ ಹಿಟ್ಟಿನಾಗ. ಯಾರೂ ಅದರ ಬಗ್ಗೆ ಹೇಳಲಿಲ್ಲಲ್ಲ ಅಂತ ಬರದೆ. ತಿನ್ನೋ ಕೇಕಿಗೆ ಹೂ ತಾಗೋ ಚಿಂತಿನ ಬ್ಯಾಡ ಅಂದ್ರ ಸಕ್ಕರಿ ಹೂ ಭಾಳ ಚಲೋ, ವಾರಗಟ್ಲೆ ಮೊದಲ ಮಾಡಿ ಒಣಗಿಸಿ ಇಡಬಹುದು, ಮದುವಿ ದಿನ ಓಡಾಟ ಇಲ್ಲ. 2011ರಾಗ ವಿಲಿಯಂ, ಕೇಟ್ ಮದುವಿಗೆ ಫಿಯೋನಾ ಕೇರ್ನ್ಸ್ ಮಾಡಿದ ಎಂಟು ಟೈರ್ ಫ್ರೂಟ್ ಕೇಕಿನ ಮ್ಯಾಲೆ 900 ಹೂ ಇದ್ದವು, ಎಲ್ಲಾ ಸಕ್ಕರಿವು. ಒಂದು ಗುಲಾಬಿ ಆಗಬೇಕಂದ್ರ ಒಂದೊಂದು ಎಸಳು ತೆಳ್ಳಗ ಲಟ್ಟಿಸಿ, ಅಂಚು ಉಬ್ಬಿಸಿ, ಒಣಗಿಸಿ, ಅಂಟಿಸಿ ಆಗಬೇಕು, ಅದಕ್ಕ ರೇಟೂ ಹಂಗ ಇರತೈತಿ, ಚೌಕಾಶಿ ಮಾಡಬ್ಯಾಡ್ರಿ.

ಆದ್ರ ನಿಮಗ ಖರೇ ಹೇಳಬೇಕಂದ್ರ ಮೇ ತಿಂಗಳ ಮಂಗಳೂರಿಗೆ, ಅದೂ ಬಯಲಾಗ, ನಾನು ಇದನ್ನ ಮಾಡ್ರಿ ಅನ್ನಂಗಿಲ್ಲ. ನಮ್ಮ ಕಡೆ ಬ್ಯಾಸಗಿ ಒಣಾ ಹವಾ, ಹೂ ಗಾಜಿನಂಗ ನಿಲ್ಲತೈತಿ. ನಿಮ್ಮ ಕಡೆ ಹವಾದಾಗಿನ ತೇವ ಎಳಕೊಂಡು ಸಂಜಿಗೆ ಎಸಳು ಮೆತ್ತಗಾಗಿ ಜೋತು ಬೀಳತಾವು. ವೇಫರ್ ಪೇಪರ್ (ತಿನ್ನೋ ತೆಳ್ಳನ ಹಾಳಿ) ಹೂವಂತೂ ಇನ್ನೂ ಲಗೂನ ಮುದುರತಾವು. ಎಸಿ ಹಾಲ್ ಇದ್ರ ಮಾತು ಬ್ಯಾರೆ. ಹಂಗೂ ಬೇಕಂದ್ರ ಮ್ಯಾಲಿನ ಡಮ್ಮಿ ಮ್ಯಾಲೆ ಒಂದ ಒಂದು ದೊಡ್ಡ ಸಕ್ಕರಿ ಹೂ ಇಡ್ರಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಯಾಗ ಒಯ್ದು ಕಡೀಕ ಇಡ್ರಿ, ಉಳಿದದ್ದು ಆರ್ಕಿಡ್, ಮಲ್ಲಿಗಿ ನೋಡಿಕೊಳ್ಳಲಿ. ಸಕ್ಕರಿ ಹೂವಿನೊಳಗೂ ತಂತಿ ಇರತೈತಿ, ಅದನ್ನ ಯಾರೂ ತಿನ್ನದಂಗ ಮೊದಲ ಹೇಳ್ರಿ, ಹುಡುಗ್ರು ಸಕ್ಕರಿ ಅಂದಕೂಡ್ಲೆ ಬಾಯಿಗೆ ಹಾಕತಾವು.

ತಂಗಿ_ಕುಡ್ಲ

ಎಲ್ರಿಗೂ ದೊಡ್ಡ ಥ್ಯಾಂಕ್ಸ್. ಅಕ್ಕನಿಗೆ ಎಲ್ಲಾ ಓದಿ ಹೇಳಿದೆ. ಬಿಳಿ ಡೆಂಡ್ರೋಬಿಯಂ, ವೀಳ್ಯದೆಲೆ, ಕೆಳಗೆ ಮಲ್ಲಿಗೆ, ಪಕ್ಕದಲ್ಲಿ ಸಿಂಗಾರ, ಇಷ್ಟಕ್ಕೆ ಅಮ್ಮ ಅಕ್ಕ ಇಬ್ರೂ ಒಪ್ಪಿದ್ರು. ಒಂದೇ ಬಾಕಿ, ಯಾರು ಇಡುದು, ಎಷ್ಟು ಹೊತ್ತಿಗೆ? ಡೆಕೊರೇಟರ್ ಇನ್ನೂ ಹಿಂದೆ ಮುಂದೆ ನೋಡ್ತಾರೆ.

ಓವನ್_ಅಕ್ಕ

ಇಬ್ರನ್ನೂ ಒಂದೇ ಫೋನ್ ಕಾಲ್‌ನಲ್ಲಿ ಕೂರಿಸಿ ಮಾತಾಡಿ, ಬೇರೆ ಬೇರೆ ಮಾತಾಡಿದ್ರೆ ಹೀಗೇ ಆಗುದು. ಕೇಕ್‌ಗೆ ತಾಗುವ ಹೂವಿನ ಕೆಲಸ ಕೇಕ್ ಮಾಡಿದವರದ್ದೇ, ಯಾಕಂದ್ರೆ ಯಾವ ಟೈರ್ ನಿಜ, ಒಳಗೆ ಕಡ್ಡಿ ಸಪೋರ್ಟ್ ಎಲ್ಲಿ ಉಂಟು ಅಂತ ಗೊತ್ತಿರುದು ಅವರಿಗೆ ಮಾತ್ರ. ಅವರು ಹೂವು ಇಡದಿದ್ರೂ ಪಿಕ್‌ಗಳನ್ನ ಅವರೇ ಚುಚ್ಚಿ ಕೊಡ್ಲಿ, ನೀವು ಹೂವು ಇಳಿಸಿದ್ರೆ ಆಯ್ತು. ಟೇಬಲ್, ಸ್ಟ್ಯಾಂಡ್, ಮಾಲೆ, ಸಿಂಗಾರ, ಲೈಟ್ ಡೆಕೊರೇಟರ್‌ದ್ದು. ಯಾವ ಹೂವು, ಎಲ್ಲಿಂದ ಬರ್ತದೆ, ಯಾರು ತರ್ತಾರೆ ಅಂತ ವಾಟ್ಸ್ಆ್ಯಪ್‌ನಲ್ಲಿ ಇಬ್ರಿಗೂ ಒಂದೇ ಮೆಸೇಜ್ ಹಾಕಿಡಿ, ನಾಳೆ ಯಾರೂ ನನಗೆ ಗೊತ್ತಿರ್ಲಿಲ್ಲ ಅನ್ಬಾರ್ದು.

ಟೈಮ್ ಹೇಳ್ತೇನೆ. ಮೇ ತಿಂಗಳಲ್ಲಿ ಇಲ್ಲಿ ಸೂರ್ಯ ಮುಳುಗುವಾಗ ಹೆಚ್ಚು ಕಮ್ಮಿ 7 ಗಂಟೆ ಆಗ್ತದೆ, ಸಂಜೆ ಬಿಸಿಲು ಓರೆಯಾಗಿ ಸೀದಾ ಟೇಬಲ್‌ಗೆ ಬೀಳ್ತದೆ. ಒಂದು ದಿನ ಮೊದಲು ಅದೇ ಹೊತ್ತಿಗೆ ಲಾನ್‌ಗೆ ಹೋಗಿ ನೆರಳು ಎಲ್ಲಿ ಉಂಟು ನೋಡಿ, ಟೇಬಲ್ ಅಲ್ಲೇ ಹಾಕಿಸಿ. ಕೇಕ್ 5.30ಕ್ಕೆ ಬರ್ಲಿ, ಬಾಕ್ಸ್ ಮುಚ್ಚಿಯೇ ಒಳಗಿನ ಕೋಣೆಯಲ್ಲಿರ್ಲಿ. 6 ಗಂಟೆಗೆ ಟೇಬಲ್, ಮಾಲೆ ಎಲ್ಲ ರೆಡಿ ಆಗಿರ್ಬೇಕು. 6.15ಕ್ಕೆ ಕೇಕ್ ಟೇಬಲ್‌ಗೆ, ಆಮೇಲೆ ಹೂವು. ಮೊದಲೇ ಮನೆಯಲ್ಲಿ ಒಂದು ಡಬ್ಬದ ಮೇಲೆ ಗೊಂಚಲು ಜೋಡಿಸಿ ನೋಡಿ ಫೋಟೊ ತೆಗೆದಿಟ್ರೆ ಅಲ್ಲಿ ಅದನ್ನ ನೋಡಿ ಇಡ್ಲಿಕ್ಕೆ ಕಾಲು ಗಂಟೆ ಸಾಕು. 6.45ಕ್ಕೆ ಮಂಟಪ ಮಾಧುರಿ ಹೇಳಿದ ನೆಟ್ ಕವರ್ ಹಾಕಿ, ಪಕ್ಕ ಒಬ್ಬ ಕಸಿನ್ ನಿಲ್ಲಿ, ಮಕ್ಕಳು ಬಂದು ಬೆರಳು ಹಾಕುದು ಖಂಡಿತ.

ನಿಮ್ಮದು ಮಧ್ಯದ ಟೈರ್ ನಿಜವಾದ್ದರಿಂದ ಎಲ್ಲಿ ಕತ್ತರಿಸ್ಬೇಕು ಅಂತ ಮದುಮಕ್ಳಿಗೆ ಮೊದಲೇ ತೋರಿಸಿ, ಹಿಂಬದಿಯಲ್ಲಿ ಅವರಿಗೆ ಮಾತ್ರ ಕಾಣುವ ಹಾಗೆ ಒಂದು ಚಿಕ್ಕ ರಿಬ್ಬನ್ ಗುರುತು ಹಾಕ್ಲಿಕ್ಕೆ ಹೇಳಿ. ಇಲ್ಲದಿದ್ರೆ ಎಲ್ರ ಎದುರು ಥರ್ಮೋಕೋಲ್‌ಗೆ ಚಾಕು ಹಾಕ್ತಾರೆ. ಟೋಸ್ಟ್ ಮುಗಿದು ಕೇಕ್ ಒಳಗೆ ಹೋಗುವಾಗ ಕತ್ತರಿಸುವ ಮೊದಲು ಹೂವು ಪೂರ್ತಿ ತೆಗೀಬೇಕು, ಪಿಕ್ ಎಷ್ಟು ಹಾಕಿದ್ರಿ ಅಂತ ಬಾಕ್ಸ್ ಮೇಲೆ ಬರೆದಿಟ್ಟು ಅಷ್ಟೂ ಹೊರಗೆ ಬಂತಾ ಅಂತ ಎಣಿಸ್ಬೇಕು. ಇದು ಅಡುಗೆಯವರಿಗೆ ಬಿಡ್ಬೇಡಿ, ಅವರಿಗೆ ಆ ಹೊತ್ತಿಗೆ ಊಟದ ಗಡಿಬಿಡಿ ಇರ್ತದೆ. ಎಣಿಸ್ಲಿಕ್ಕೆ ಅಂತಲೇ ನಿಮ್ಮವರಲ್ಲಿ ಒಬ್ರ ಹೆಸರು ಈಗಲೇ ಫಿಕ್ಸ್ ಮಾಡಿ.